ಯಾರದ್ದೂ ಅಲ್ಲದ ಮೆಟ್ಟಿಲು

ಅಕ್ಕನ ಜಡೆ ಯಾವಾಗಲೂ ಒದ್ದೆ. ಬೂದಿ ಬಣ್ಣದ ಉದ್ದನೆಯ ಜಡೆ ಅದು. ಅದರಿಂದ ಸಮುದ್ರದ ನೀರು ತೊಟ್ಟಿಕ್ಕಿ ಅವರ ನೀಲಿ ಕೋಟಿನ ಮೇಲೆ ಕತ್ತಿನಿಂದ ಸೊಂಟದವರೆಗೆ ಒಂದು ಕಡುಗಪ್ಪು ಗೆರೆ ಮೂಡಿರುತ್ತಿತ್ತು. ಊರಿನವರೆಲ್ಲ ಟೊಪ್ಪಿ, ಮಫ್ಲರುಗಳಲ್ಲಿ ಮುಖ ಹುದುಗಿಸಿಕೊಂಡು ಓಡಾಡುವ ಚಳಿಯಲ್ಲಿ ಇವರು ತಲೆಗೆ ಏನೂ ಹಾಕಿಕೊಳ್ಳದೆ ಗುಡ್ಡದ ಬೀದಿಯನ್ನು ನಿಧಾನವಾಗಿ ಹತ್ತಿಕೊಂಡು ಬರುತ್ತಿದ್ದರು. ಸಮುದ್ರದ ಒಂದು ಎಳೆ ಅವರ ಬೆನ್ನಿಗೆ ಅಂಟಿಕೊಂಡು ಮನೆಯ ತನಕ ಅವರನ್ನು ಬಿಟ್ಟುಬರಲು ಹೊರಟಂತೆ ಕಾಣುತ್ತಿತ್ತು.

"ತಲೆ ಒರೆಸ್ಕೊಳ್ಳಿ ಅಕ್ಕ, ನೆಗಡಿ ಆಗತ್ತೆ" ಎಂದರೆ, "ಉಪ್ಪುನೀರಿಗೆ ನೆಗಡಿ ಆಗುದಿಲ್ಲ ತಂಗಿ, ಸಿಹಿನೀರಿಗೆ ಆಗುದು" ಎನ್ನುತ್ತಿದ್ದರು. ಜೀವಮಾನವೆಲ್ಲ ನರ್ಸ್ ಆಗಿದ್ದವರು ಆಡುವ ಮಾತೇ ಇದು ಎಂದು ನಾನು ನಗುತ್ತಿದ್ದೆ. ಅವರೂ ನಗುತ್ತಿದ್ದರು, ಆದರೆ ತಲೆ ಒರೆಸಿಕೊಳ್ಳುತ್ತಿರಲಿಲ್ಲ.

ಐರ್ಲೆಂಡಿನ ಕಾರ್ಕ್ ಕೊಲ್ಲಿಯ ಒಳಗೆ, ಗುಡ್ಡವೊಂದು ನೀರಿಗೆ ಇಳಿಯುವ ಕಡೆ ಇರುವ ಸಣ್ಣ ಊರು ಅವರದು. ಬಣ್ಣಬಣ್ಣದ ಮನೆಗಳು ಒಂದರ ಹೆಗಲ ಮೇಲೊಂದು ಕೂತಂತೆ ಮೇಲಕ್ಕೆ ಏರುತ್ತವೆ. ಕೆಳಗೆ ಹಡಗು ನಿಲ್ಲುವ ಉದ್ದನೆಯ ಕಲ್ಲುಕಟ್ಟೆ. ಅಕ್ಕ ಅದನ್ನು ತಮ್ಮ ಕರಾವಳಿಯ ಮಾತಿನಲ್ಲಿ ಧಕ್ಕೆ ಎನ್ನುತ್ತಿದ್ದರು. ಮೈಸೂರಿನಲ್ಲಿ ಬೆಳೆದ ನನಗೆ ಆ ಪದ ಹೊಸದು, ಅವರಿಂದಲೇ ಕಲಿತೆ. ಧಕ್ಕೆಯ ನಡುವೆ ಒಂದು ಎತ್ತರದ ಗೋಡೆಯಿದೆ. ಗೋಡೆಯ ಆಚೆ ನೌಕಾಪಡೆಯ ಜಾಗ, ಈಚೆ ಊರಿನವರದು.

ಗೋಡೆ ಕಟ್ಟಿದ್ದು ಬ್ರಿಟಿಷರು. ಆಗ ಈ ದಡದ ಮೇಲೆ ಇಬ್ಬರ ಕಣ್ಣಿತ್ತು. ಯುದ್ಧದ ಹಡಗುಗಳಿಗೆ ಆಳವಾದ ನೀರು ಬೇಕೆಂದು ಸೈನ್ಯದವರು ಕೇಳುತ್ತಿದ್ದರು. ಸರಕಿನ ಹಡಗು, ಪ್ರಯಾಣಿಕರ ಹಡಗು ನಿಲ್ಲಲು ಅದೇ ನೀರು ತಮಗೂ ಬೇಕೆಂದು ಊರಿನ ವ್ಯಾಪಾರಿಗಳು ಹಟ ಹಿಡಿದಿದ್ದರು. ಬಹಳ ಕಾಲ ಜಗಳವಾಡಿ, ಕೊನೆಗೆ ನಡುವೆ ಗೋಡೆ ಎಬ್ಬಿಸಿ ಇಬ್ಬರೂ ಸುಮ್ಮನಾದರು. ಆದರೆ ಗೋಡೆ ನೀರಿಗೆ ಮುಟ್ಟುವ ಜಾಗದಲ್ಲಿ ಒಂದಿಷ್ಟು ಕಲ್ಲಿನ ಮೆಟ್ಟಿಲುಗಳು ಉಳಿದುಕೊಂಡವು. ಸೈನ್ಯದ ನಕ್ಷೆಯಲ್ಲಿ ಅವು ಊರಿನವು, ಊರಿನ ನಕ್ಷೆಯಲ್ಲಿ ಅವು ಸೈನ್ಯದವು. ಅಲೆ ಹೊಡೆದು ಕಲ್ಲು ಕಿತ್ತುಹೋದರೆ ರಿಪೇರಿ ಮಾಡಿಸುವವರು ಯಾರು? ಹಾಗಾಗಿ ಇಬ್ಬರಿಗೂ ಅವು ಬೇಡವಾಗಿದ್ದವು. ಬ್ರಿಟಿಷರು ಹೋಗಿ ಐರ್ಲೆಂಡಿನದೇ ಸರಕಾರ ಬಂತು, ಬಾವುಟ ಬದಲಾಯಿತು, ಗೋಡೆಯೂ ಮೆಟ್ಟಿಲೂ ಇದ್ದ ಹಾಗೇ ಇದ್ದವು. ಯಾರದ್ದೂ ಅಲ್ಲದ ಕಾರಣ ಆ ಮೆಟ್ಟಿಲ ಮೇಲೆ ಯಾರು ಬೇಕಾದರೂ ಕೂರಬಹುದಿತ್ತು, ಅಲ್ಲಿಂದ ನೀರಿಗೆ ಇಳಿಯಬಹುದಿತ್ತು.

ನಾನು ಕಾರ್ಕ್ ನಗರದ ಒಂದು ಸಣ್ಣ ಆರ್ಕಿಟೆಕ್ಟ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಮನೆ ಅದೇ ನಗರದ ಡಗ್ಲಸ್ ಬಡಾವಣೆಯಲ್ಲಿ. ಈಗ ಕೆಲವು ವರ್ಷಗಳ ಹಿಂದೆ ಆ ಧಕ್ಕೆಯನ್ನು ಹೊಸದಾಗಿ ಕಟ್ಟುವ ಮಾತು ಎದ್ದಿತು. ಊರಿನ ಕೌನ್ಸಿಲ್‌ಗೆ ಅಲ್ಲೊಂದು ದೋಣಿ ನಿಲ್ದಾಣ, ಕಾಫಿ ಅಂಗಡಿ, ನೀರಿನ ಮೇಲೆ ಚಾಚಿದ ಮರದ ಜಗಲಿ ಬೇಕಿತ್ತು. ನೌಕಾಪಡೆಗೆ ಹೊಸ ಹಡಗುಗಳು ಬರುವುದಿತ್ತು, ಅವಕ್ಕೆ ಭದ್ರವಾದ ಬೇಲಿ ಬೇಕಿತ್ತು. ಇಷ್ಟು ಕಾಲ ಯಾರಿಗೂ ಬೇಡವಾಗಿದ್ದ ಮೆಟ್ಟಿಲು ಈಗ ಇಬ್ಬರಿಗೂ ಬೇಕಾಯಿತು. ಅದನ್ನು ಅಳೆದು ನಕ್ಷೆ ಬರೆಯುವ ಕೆಲಸ ನಮ್ಮ ಆಫೀಸಿಗೆ ಬಂತು, ಅಳತೆ ಟೇಪ್ ಹಿಡಿದು ನಾನು ಹೋದೆ.

ಅವತ್ತು ಮಂಜು ಕವಿದಿತ್ತು. ಕೊಲ್ಲಿಯ ಮಂಜು ಮೇಲಿಂದ ಇಳಿಯುವುದಿಲ್ಲ, ನೀರಿನಿಂದಲೇ ಹಬೆಯ ಹಾಗೆ ಏಳುತ್ತದೆ. ಆಚೆ ದಡವಿಲ್ಲ, ಹಡಗಿಲ್ಲ, ಗೋಡೆ ಕೂಡ ಅರ್ಧಕ್ಕೇ ಕರಗಿಹೋಗಿತ್ತು. ಪಾಚಿಗಟ್ಟಿದ ಮೆಟ್ಟಿಲ ಮೇಲೆ ನಿಂತು ನಾನು ಮೈಸೂರಿನ ಅಮ್ಮನೊಂದಿಗೆ ಫೋನಿನಲ್ಲಿ ಮಾತಾಡುತ್ತಿದ್ದೆ.

"ಇಲ್ಲಮ್ಮ, ಇನ್ನೂ ತಿಂಡಿ ತಿಂದಿಲ್ಲ. ಸಮುದ್ರದ ಹತ್ರ ಇದೀನಿ. ಆಮೇಲೆ ತಿಂತೀನಿ."

"ಎಂತಕ್ಕೆ ತಿನ್ಲಿಲ್ಲ?" ಎಂದು ನೀರಿನೊಳಗಿಂದ ಯಾರೋ ಕೇಳಿದರು.

ಫೋನು ಕೈಜಾರಿ ಹೋಗಲಿಲ್ಲ ಎನ್ನುವುದೇ ಪುಣ್ಯ. ಬೆಳ್ಳಗೆ ಮಂಜು, ಅದರ ನಡುವೆ ಕನ್ನಡದ ಒಂದು ಪ್ರಶ್ನೆ. ಕ್ಷಣಕಾಲ ಅದನ್ನು ಕೇಳಿದ್ದು ಅಮ್ಮನೋ ಸಮುದ್ರವೋ ತಿಳಿಯಲಿಲ್ಲ. ಆಮೇಲೆ ಒಂದು ತಲೆ ಕಾಣಿಸಿತು, ಅದರ ಹಿಂದೆ ನೀರಿನಲ್ಲಿ ತೇಲುತ್ತಿದ್ದ ಜಡೆ. ಅವರು ಮೆಟ್ಟಿಲು ಹತ್ತಿ ಬಂದು, ಟವೆಲ್ ಸುತ್ತಿಕೊಂಡು, ಕಲ್ಲಿನ ಮೂಲೆಯಲ್ಲಿಟ್ಟಿದ್ದ ಫ್ಲಾಸ್ಕಿನಿಂದ ಲೋಟಕ್ಕೆ ಏನೋ ಬಗ್ಗಿಸಿ ನನ್ನ ಕೈಗಿಟ್ಟರು. ಟೀ ಇರಬಹುದೆಂದು ಬಾಯಿಗಿಟ್ಟರೆ ಬಿಸಿ ಗಂಜಿಯ ತಿಳಿ. ಒಂದು ಹರಳು ಉಪ್ಪು, ಹುಳಿಗೆ ಒಂದು ತುಂಡು ಮುರುಗಲ ಸಿಪ್ಪೆ.

"ಯಾವೂರು ತಂಗಿ?"

"ಮೈಸೂರು ಆಂಟಿ."

"ಆಂಟಿ ಬೇಡ. ಇಪ್ಪತ್ತು ವರ್ಷ ಇಲ್ಲಿ ಆಸ್ಪತ್ರೆಯಲ್ಲಿ ಎಲ್ಲರೂ ಸಿಸ್ಟರ್ ಅಂತ ಕರೆದ್ರು. ಸಿಸ್ಟರ್ ಅಂದ್ರೆ ಅಕ್ಕನೇ ಅಲ್ದಾ?"

ನನ್ನ ಅಮ್ಮನಿಗಿಂತ ಒಂದೆರಡು ವರ್ಷ ದೊಡ್ಡವರು, ಆದರೂ ಅಕ್ಕ ಆದರು.

ಯಾವೂರು ಎಂದು ಕೇಳುವುದು ಅವರಿಗೆ ಉಸಿರಾಟದಷ್ಟೇ ಸಹಜ. ಪಕ್ಕದ ಮನೆಯ ಐರಿಷ್ ಅಜ್ಜಿಯನ್ನೂ, ಬಸ್ಸಿನ ಡ್ರೈವರನ್ನೂ, ಆಸ್ಪತ್ರೆಯಲ್ಲಿ ನೋವಿನಿಂದ ನರಳುವ ರೋಗಿಯನ್ನೂ ಮೊದಲು ಅದನ್ನೇ ಕೇಳುತ್ತಿದ್ದರಂತೆ. "ಊರು ಹೇಳುವಾಗ ಮನುಷ್ಯನ ಮುಖ ಸ್ವಲ್ಪ ಸಡಿಲ ಆಗ್ತದೆ. ಆವಾಗ ಸೂಜಿ ಚುಚ್ಚಿದ್ರೆ ಗೊತ್ತಾಗುದಿಲ್ಲ" ಎಂದು ತಮ್ಮ ಗುಟ್ಟನ್ನು ಹೇಳಿದ್ದರು.

ಅವರನ್ನು ಯಾರಾದರೂ ತಿರುಗಿ ಯಾವೂರು ಎಂದು ಕೇಳಿದರೆ ಮಾತ್ರ "ಕಾರವಾರದ ಹತ್ರ" ಎಂದಷ್ಟೇ ಹೇಳಿ ಬೇರೆ ಮಾತಿಗೆ ಹೋಗುತ್ತಿದ್ದರು. ಊರಿನ ಕಥೆಯನ್ನು ನನಗೆ ಹೇಳಿದ್ದು ಪರಿಚಯವಾಗಿ ಬಹಳ ತಿಂಗಳುಗಳಾದ ಮೇಲೆ, ಒಂದು ಮಧ್ಯಾಹ್ನ, ಅದೇ ಮೆಟ್ಟಿಲ ಮೇಲೆ. ಬಿಸಿಲು ನೀರಿಗೆ ಬಿದ್ದು ಗೋಡೆಯ ಮೇಲೆಲ್ಲ ಬೆಳಕಿನ ಬಲೆ ಅಲುಗಾಡುತ್ತಿತ್ತು. ಗೋಡೆಯಾಚೆ ಹಡಗಿನಲ್ಲಿ ಯಾರೋ ಸುತ್ತಿಗೆಯಿಂದ ಕಬ್ಬಿಣ ಬಡಿಯುತ್ತಿದ್ದರು. ಆ ಸದ್ದು ನಿಧಾನವಾಗಿ, ನಿದ್ದೆಯಲ್ಲಿ ಕೇಳುವ ಹಾಗೆ ಬರುತ್ತಿತ್ತು.

"ನಮ್ಮ ಮನೆ ಮುಂದೆ ಹಿಂಗೇ ನೀರಿತ್ತು" ಎಂದು ಶುರುಮಾಡಿದರು.

ಅವರ ಅಪ್ಪ ದೋಣಿಯವರು. ಮನೆಯ ಅಂಗಳ ಮುಗಿದಲ್ಲಿ ಮರಳು, ಮರಳು ಮುಗಿದಲ್ಲಿ ಸಮುದ್ರ. ಅಕ್ಕ ನಡೆಯುವುದಕ್ಕೂ ಈಜುವುದಕ್ಕೂ ಒಂದೇ ವರ್ಷ ಕಲಿತದ್ದಂತೆ. ಆಮೇಲೆ ಮಂಗಳೂರಿನಲ್ಲಿ ನರ್ಸಿಂಗ್ ಓದಿ ಗಲ್ಫಿಗೆ ಹೋದರು. ಅವರು ಅಲ್ಲಿದ್ದಾಗಲೇ ಊರು ನೌಕಾನೆಲೆಗೆ ಸೇರಿತು. ಮನೆಮಂದಿಯನ್ನು ದೂರದ ಹೊಸ ಕಾಲೊನಿಗೆ ಕಳಿಸಿದರು. ರಜೆಗೆ ಬಂದಾಗ ಅಕ್ಕ ಹಳೆಯ ದಾರಿಯಲ್ಲೇ ನಡೆದು ಹೋದರು. ದಾರಿಯ ಕೊನೆಯಲ್ಲಿ ಗೇಟು, ಗೇಟಿನಲ್ಲಿ ಬಂದೂಕು ಹಿಡಿದ ಹುಡುಗ.

"ಒಳಗೆ ನಮ್ಮನೆ ಉಂಟು, ಒಂದು ಸಲ ನೋಡಿ ಬರ್ತೆ ಅಂದೆ. ಆಗುದಿಲ್ಲ ಬೆಹೆನ್‌ಜೀ ಅಂದ. ಬಿಸಿಲಿತ್ತು. ತನ್ನ ಬಾಟಲಿಯಿಂದ ನೀರು ಕೊಟ್ಟ. ಯಾವೂರು ಅಂತ ಕೇಳಿದೆ. ಬಿಹಾರದ್ದು ಎಂತದೋ ಹೇಳಿದ. ಅವನ ಊರಿನ ಹತ್ರ ನದಿ ದಿಕ್ಕು ಬದಲಾಯಿಸಿ ಅವನ ಮನೆನೂ ಹೋಗಿತ್ತಂತೆ. ಇಬ್ರೂ ಗೇಟಿನ ಆಚೆ ಈಚೆ ನಿಂತ್ಕಂಡು ಎಷ್ಟು ಹೊತ್ತು ಮಾತಾಡಿದ್ವು ಅಂದ್ರೆ, ಅವನ ಮೇಲಿನವರು ಬಂದು ಬೈದ್ರು."

"ನಿಮಗೆ ಸಿಟ್ಟು ಬರ್ಲಿಲ್ವಾ ಅಕ್ಕ?"

"ಯಾರ ಮೇಲೆ? ಆ ಹುಡುಗನ ಮೇಲಾ?" ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಮುಚ್ಚಿದರು. "ಅಪ್ಪ ಮತ್ತೆ ಸಮುದ್ರ ನೋಡೂಕೆ ಹೋಗ್ಲಿಲ್ಲ. ಬಸ್ಸಲ್ಲಿ ಹೋಗಿ ನೋಡಿ ಬರುದು ಎಂತ ಸಮುದ್ರ ಅಂದ. ಹೊಸ ಮನೆ ಹಿಂದಿನ ಬಾವಿ ಕಟ್ಟೆ ಮೇಲೆ ಕೂರ್ತಿದ್ದ. ಅದೇ ಬೇಜಾರು ನನಗೆ."

ಅವತ್ತೇ ಅವರು ನನಗೆ ನೀರಿನ ಮೇಲೆ ತೇಲುವುದನ್ನು ಕಲಿಸಿದ್ದು. ಸಮುದ್ರವೆಂದರೆ ನನಗೆ ಶಾಲೆಯ ಟೂರಿನಲ್ಲಿ ಮೊಣಕಾಲವರೆಗೆ ಪ್ಯಾಂಟು ಮಡಚಿಕೊಂಡು ನಿಂತ ನೆನಪು ಮಾತ್ರ. ಈ ದೇಶದ ಬೇಸಿಗೆಯಲ್ಲೂ ನೀರು ಮೂಳೆಯನ್ನು ಹಿಡಿಯುತ್ತಿತ್ತು. ಅಕ್ಕ ನನ್ನ ಬೆನ್ನಿನ ಕೆಳಗೆ ಒಂದು ಅಂಗೈ ಇಟ್ಟು, "ಕಾಲು ಬಿಡು, ಕುತ್ತಿಗೆ ಬಿಡು. ನಾ ಇಲ್ಲೇ ಇದ್ದೆ" ಎಂದರು. ಅವರ ಕಡೆಯ ಕನ್ನಡದಲ್ಲಿ 'ಇದ್ದೆ' ಎಂದರೆ ಇದ್ದೇನೆ ಎಂದು. ನನ್ನ ಮೈಸೂರಿನ ಕಿವಿಗೆ ಅದು ಮುಗಿದುಹೋದ ಕಾಲವಾಗಿ ಕೇಳಿಸಿ, ಕೈ ಬಿಟ್ಟೇಬಿಟ್ಟರೆಂದು ಬೆದರಿ ಮುಳುಗಿದೆ. ಮೂಗು ಬಾಯಿಯೆಲ್ಲ ಉಪ್ಪಾಯಿತು. ಅವರು ನಕ್ಕೂ ನಕ್ಕೂ ಮೆಟ್ಟಿಲು ಹಿಡಿದುಕೊಂಡು ನಿಂತರು. ನಾಲ್ಕಾರು ಸಲ ಮುಳುಗಿದ ಮೇಲೆ ಯಾವಾಗಲೋ ಬೆನ್ನ ಕೆಳಗೆ ಅಂಗೈ ಇಲ್ಲ ಎನ್ನುವುದು ತಿಳಿಯಿತು. ಕಿವಿ ನೀರಿನೊಳಗಿತ್ತು. ಮೇಲೆ ಬರೀ ಆಕಾಶ. ಎಲ್ಲೋ ಬಹಳ ಕೆಳಗಿನಿಂದ ಹಡಗಿನ ಎಂಜಿನ್ನಿನ ಗುನುಗು ಬೆನ್ನುಮೂಳೆಗೆ ಕೇಳುತ್ತಿತ್ತು. ನಾನು ಯಾವ ದೇಶದಲ್ಲಿದ್ದೇನೆ ಎನ್ನುವುದು ಆಗ ಮುಖ್ಯವಾಗಿರಲಿಲ್ಲ.

ಅತ್ತ ಆಫೀಸಿನಲ್ಲಿ ನಕ್ಷೆಗಳು ದಿನಕ್ಕೊಂದು ಬಣ್ಣ ಪಡೆಯುತ್ತಿದ್ದವು. ಒಂದರಲ್ಲಿ ಮೆಟ್ಟಿಲು ಮರದ ಜಗಲಿಯ ಕೆಳಗೆ ಹೂತುಹೋಗುತ್ತಿತ್ತು, ಇನ್ನೊಂದರಲ್ಲಿ ಬೇಲಿಯ ಒಳಗೆ. ಎರಡರಲ್ಲಿ ಯಾವುದನ್ನು ಒಪ್ಪಿದರೂ ನೀರಿಗೆ ಇಳಿಯುವ ದಾರಿ ಮುಚ್ಚುತ್ತಿತ್ತು. ನಾನು ಅದನ್ನು ಅಕ್ಕನಿಗೆ ಮುಚ್ಚಿಡಲಿಲ್ಲ, ಹೇಗೂ ಊರಿನಲ್ಲಿ ಎಲ್ಲರ ಮುಂದೆ ನಕ್ಷೆ ಇಡುವವರಿದ್ದರು. ಅವರು ಕೇಳಿಕೊಂಡು, "ನಿನ್ನ ಕೆಲಸಕ್ಕೆ ತೊಂದ್ರೆ ತಂದ್ಕಬೇಡ. ನಾ ಬಂದು ಮಾತಾಡ್ತೆ" ಎಂದರು.

ಚರ್ಚಿನ ಪಕ್ಕದ ಹಾಲ್‌ನಲ್ಲಿ ಸಭೆ. ಹೊರಗೆ ಸಣ್ಣ ಮಳೆ, ಒಳಗೆ ಒದ್ದೆ ಕೋಟುಗಳ ವಾಸನೆ. ಕೌನ್ಸಿಲ್‌ನವರು ಪ್ರವಾಸಿಗರ ಬಗ್ಗೆ, ಊರಿಗೆ ಬರುವ ಉದ್ಯೋಗಗಳ ಬಗ್ಗೆ ಹೇಳಿದರು. ಅದು ಸುಳ್ಳಲ್ಲ, ಆ ಬೀದಿಯಲ್ಲಿ ಮುಚ್ಚಿದ ಅಂಗಡಿಗಳೇ ಹೆಚ್ಚು. ನೌಕಾಪಡೆಯ ಕಡೆಯಿಂದ ಬಂದಿದ್ದ ಅಧಿಕಾರಿ ಎತ್ತರದ, ಮೆಲುಮಾತಿನ ಮನುಷ್ಯ. ಹಡಗುಗಳ ಬಳಿ ಜನ ಸುಳಿದಾಡಿದರೆ ಆಗುವ ಅಪಾಯವನ್ನು ವಿವರಿಸಿದರು. ಅದೂ ಸುಳ್ಳಲ್ಲ. ಈಜಲು ಬರುವ ಕೆಲವು ಹೆಂಗಸರು ಸಿಟ್ಟಿನಿಂದ ಮಾತಾಡಿದರು, ಮಾತಿಗೆ ಮಾತು ಬೆಳೆಯಿತು. ಆಗ ಅಕ್ಕ ಎದ್ದು ನಿಂತರು. ಆಸ್ಪತ್ರೆಯಲ್ಲಿ ರೂಢಿಯಾದ ಇಂಗ್ಲಿಷಿನಲ್ಲಿ, ರೋಗಿಯ ಮನೆಯವರಿಗೆ ವಿಷಯ ತಿಳಿಸುವಂಥ ದನಿಯಲ್ಲಿ ಅವರು ಹೇಳಿದ್ದು ಇಷ್ಟು:

"ನಾನು ಹುಟ್ಟಿದ ಊರನ್ನ ನನ್ನ ದೇಶದ ಹಡಗುಗಳಿಗೆ ಕೊಟ್ಟಿದ್ದೇವೆ. ಹಡಗು ಬೇಡ ಅಂತ ನನ್ನ ಅಪ್ಪ ಹೇಳಲಿಲ್ಲ. ನಾನೂ ಹೇಳುವುದಿಲ್ಲ. ಆದರೆ ನೀರಿಗೆ ಇಳಿಯಲು ಒಂದು ಸಣ್ಣ ದಾರಿ ಬಿಡುತ್ತೀರಾ ಅಂತ ಕೇಳಬಹುದು ಎನ್ನುವುದು ಅವರಿಗೆ ಗೊತ್ತಿರಲಿಲ್ಲ. ಯಾರನ್ನು ಕೇಳಬೇಕು ಅಂತಲೂ ಗೊತ್ತಿರಲಿಲ್ಲ. ಅದಕ್ಕೆ ಅವರು ಕೇಳಲಿಲ್ಲ. ನನಗೆ ಗೊತ್ತಿದೆ. ಯಾರನ್ನು ಕೇಳಬೇಕೋ ಅವರು ಇಲ್ಲೇ ಎದುರಿಗೆ ಕೂತಿದ್ದಾರೆ. ಅದಕ್ಕೆ ನಾನು ಕೇಳುತ್ತಾ ಇದ್ದೇನೆ."

ಕೂತರು. ಚಪ್ಪಾಳೆ ಬೀಳಲಿಲ್ಲ, ಅಂಥ ಮಾತಲ್ಲ ಅದು. ಆ ಅಧಿಕಾರಿ ತಮ್ಮ ಕಾಗದಗಳನ್ನು ಒಮ್ಮೆ ಸರಿಸಿ, "ಉತ್ತರ ಕೊಡುವ ಮುಂಚೆ ನಾನೊಮ್ಮೆ ಬಂದು ನೋಡಬೇಕು" ಎಂದರು. ಹೊರಗೆ ಬಂದಾಗ ಅಕ್ಕ ಕೋಟಿನ ಗುಂಡಿಯನ್ನು ತಪ್ಪು ಕಾಜಕ್ಕೆ ಸಿಕ್ಕಿಸಿಕೊಂಡರು. "ಎಷ್ಟು ಜನರ ಎದೆ ಮೇಲೆ ಕೈಯಿಟ್ಟು ಜೀವ ಎಳೆದು ತಂದಿದ್ದೆ, ಆವಾಗ ಕೈ ತಪ್ಲಿಲ್ಲ ನೋಡು" ಎಂದು ತಮ್ಮ ಕೈಯನ್ನು ತಾವೇ ನೋಡಿಕೊಂಡರು.

ಆ ಅಧಿಕಾರಿ ಬಂದದ್ದು ಒಂದು ಮಂಜಿನ ಬೆಳಗ್ಗೆ. ಮೊದಲೇ ತಿಳಿಸಿದ್ದರಿಂದ ನಮ್ಮ ಆಫೀಸಿನ ಪರವಾಗಿ ನಾನೂ ಅಲ್ಲಿದ್ದೆ. ಸಮವಸ್ತ್ರದಲ್ಲಿ, ಫಳಫಳ ಹೊಳೆಯುವ ಬೂಟಿನಲ್ಲಿ ಪಾಚಿಯ ಮೆಟ್ಟಿಲನ್ನು ಜಾಗರೂಕತೆಯಿಂದ ಇಳಿದು ಬಂದರು. ಅಕ್ಕ ಆಗಲೇ ನೀರಿನಲ್ಲಿದ್ದರು. ಕಾಣುತ್ತಿರಲಿಲ್ಲ, ಕೈ ಬಡಿಯುವ ಸದ್ದು ಮಾತ್ರ.

"ನೀರು ಹೇಗಿದೆ?" ಎಂದು ಅಧಿಕಾರಿ ಮಂಜನ್ನು ಕೇಳಿದರು.

"ಗ್ರ್ಯಾಂಡ್" ಎಂದಿತು ಮಂಜು, ಚೆನ್ನಾಗಿದೆ ಎನ್ನಲು ಆ ಊರಿನವರು ಹೇಳುವ ಹಾಗೆಯೇ.

ಅವರು ನಕ್ಕರು. ತಾವು ಇದೇ ಊರಿನವರೆಂದೂ, ಹುಡುಗನಾಗಿದ್ದಾಗ ಇದೇ ಮೆಟ್ಟಿಲಿನಿಂದ ನೀರಿಗೆ ಹಾರಿ ತಾಯಿಯ ಕೈಯಲ್ಲಿ ಪೆಟ್ಟು ತಿಂದದ್ದುಂಟೆಂದೂ ಹೇಳಿದರು. ಆದರೂ ಕೆಲಸದ ಮಾತಿಗೆ ಬಂದಾಗ ಬಿಡಿಸಿ ಹೇಳಿದರು: ಹೊಸ ಹಡಗು ತಿರುಗುವಾಗ ಅದರ ಕೆಳಗಿನ ಚಕ್ರ ಸುತ್ತಲಿನ ನೀರನ್ನೆಲ್ಲ ಎಳೆದುಕೊಳ್ಳುತ್ತದೆ, ಆಗ ಹತ್ತಿರ ಮನುಷ್ಯರಿದ್ದರೆ ಉಳಿಯುವುದಿಲ್ಲ. ನಾಳೆ ಒಬ್ಬರು ಸತ್ತರೆ ಅದನ್ನು ಹೊರಬೇಕಾದವನು ತಾನು.

ನೀರಿನ ಸದ್ದು ನಿಂತಿತು. ಅಕ್ಕ ಕೇಳಿಸಿಕೊಳ್ಳುತ್ತಿದ್ದರು. ಸಾವಿನ ಮಾತನ್ನು ಅವರು ಯಾವತ್ತೂ ಹಗುರವಾಗಿ ತೆಗೆದುಕೊಂಡವರಲ್ಲ. "ಅದು ಸರಿಯಾದ ಮಾತು" ಎಂದರು. "ಹಾಗಾದರೆ ಎಲ್ಲಿಯವರೆಗೆ ಅಪಾಯ ಇಲ್ಲ? ತೋರಿಸಿ."

"ಕಾಣುತ್ತಿಲ್ಲವಲ್ಲ ತೋರಿಸಲು."

"ನಾನು ಈಜುತ್ತೇನೆ. ನೀವು ದಡದ ಮೇಲೆ ನಡೆದು ಬನ್ನಿ. ನಿಲ್ಲು ಅಂದ ಕಡೆ ನಿಲ್ಲುತ್ತೇನೆ."

ನಾನು ಕಂಡ ಗಡಿಗಳೆಲ್ಲ ಸ್ಕೇಲು ಹಿಡಿದು ಎಳೆದವು. ಅವತ್ತು ಒಂದು ಗಡಿ ಬರೀ ದನಿಗಳಿಂದ ಹುಟ್ಟಿದ್ದನ್ನು ಕಂಡೆ, ಅಥವಾ ಕೇಳಿದೆ. ಆ ಎತ್ತರದ ಮನುಷ್ಯ ಧಕ್ಕೆಯ ಅಂಚಿನಲ್ಲಿ ಹೆಜ್ಜೆಯಿಡುತ್ತಿದ್ದರು. ಬೆಳ್ಳನೆಯ ಶೂನ್ಯದೊಳಗಿಂದ ಅಕ್ಕ ಕೇಳುತ್ತಿದ್ದರು, "ಇಲ್ಲಿ?" ಅವರು ಗೋಡೆಯ ಕಡೆ ನೋಡಿ, ಮನಸ್ಸಿನಲ್ಲೇ ಹಡಗನ್ನು ತಿರುಗಿಸಿ, "ಇನ್ನೂ ಸ್ವಲ್ಪ ಈಚೆ" ಎನ್ನುತ್ತಿದ್ದರು. ಮತ್ತೆ ನೀರಿನ ಸದ್ದು. "ಇಲ್ಲಿ?" "ಸ್ವಲ್ಪ ಎಡಕ್ಕೆ." ನಾನು ಅಧಿಕಾರಿ ನಿಂತಲ್ಲೆಲ್ಲ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕುತ್ತಾ ಹಿಂದೆ ನಡೆದೆ. ಅಕ್ಕ ಸುಲಭಕ್ಕೆ ಒಪ್ಪಲಿಲ್ಲ. ಒಂದು ಕಡೆ "ಇಲ್ಲಿ ತಳ ಕಾಲಿಗೆ ಸಿಗುತ್ತದೆ, ಇಲ್ಲಿಗೆ ನಿಮ್ಮ ಹಡಗು ಹೇಗೆ ಬರುತ್ತದೆ?" ಎಂದು ಜಗಳವನ್ನೂ ತೆಗೆದರು. ಅಧಿಕಾರಿ ಯೋಚಿಸಿ ನಾಲ್ಕು ಹೆಜ್ಜೆ ಬಿಟ್ಟುಕೊಟ್ಟರು. ಕೊನೆಗೆ ಇಬ್ಬರೂ ಒಪ್ಪಿದ ಜಾಗದಲ್ಲಿ ನಾನು ದಪ್ಪಗೆ ಒಂದು ಗೆರೆ ಎಳೆದೆ. ಎಲ್ಲೋ ದೂರದಲ್ಲಿ ಹಡಗೊಂದು ಮಂಜಿನ ಕೊಂಬು ಊದಿತು.

ಅಕ್ಕ ಮೇಲೆ ಬಂದು, ತುಟಿ ನೀಲಿಗಟ್ಟಿದ್ದರೂ, ಮೊದಲು ಗಂಜಿಯ ಲೋಟವನ್ನು ಕೊಟ್ಟಿದ್ದು ಆ ಅಧಿಕಾರಿಗೆ. ಅವರು ಏನೆಂದು ಕೇಳದೆ ಪೂರ್ತಿ ಕುಡಿದರು.

ಅಷ್ಟಕ್ಕೇ ಎಲ್ಲ ಮುಗಿಯಲಿಲ್ಲ. ಕೌನ್ಸಿಲ್‌ನವರನ್ನು ಒಪ್ಪಿಸಲು ಇನ್ನೊಂದು ವರ್ಷ ಹಿಡಿಯಿತು. ಮರದ ಜಗಲಿ ಗಿಡ್ಡವಾಯಿತು, ಕಾಫಿ ಅಂಗಡಿ ಆಚೆಗೆ ಸರಿಯಿತು. ಬೇಲಿ ಬಂದೇ ಬಂತು. ಮೆಟ್ಟಿಲಿನ ಅಗಲದಲ್ಲಿ ಅರ್ಧ ಅದರ ಒಳಗೆ ಹೋಯಿತು. ಮಿಕ್ಕ ಅರ್ಧದ ಎದುರಿನ ನೀರಿನಲ್ಲಿ, ಆ ಬೆಳಗ್ಗೆ ಗುರುತಿಸಿದ ಸಾಲಿನ ಮೇಲೆ ಗಡಿ ತೋರಿಸುವ ಹಳದಿ ತೇಲುಗುಂಡುಗಳನ್ನು ತೇಲಿಬಿಟ್ಟರು. ಈಜುವವರಿಗೆ ದಕ್ಕಿದ್ದು ಒಂದು ದೊಡ್ಡ ಮನೆಯ ಅಂಗಳದಷ್ಟು ಸಮುದ್ರ. ಮೊದಲಿನಿಂದ ಈಜಲು ಬರುತ್ತಿದ್ದ ಹೆಂಗಸರಲ್ಲಿ ಕೆಲವರು ಇದು ಸೋಲೇ ಎಂದು ಬೇಸರದಿಂದ ಬರುವುದನ್ನೇ ಬಿಟ್ಟರು. ನನಗೂ ಹಾಗೇ ಅನಿಸಿತ್ತು.

"ಅರ್ಧ ಹೋಯ್ತಲ್ಲ ಅಕ್ಕ."

"ಅರ್ಧ ಉಂಟಲ್ಲೇ" ಎಂದರು. ನನ್ನ ಮುಖ ನೋಡಿ, ಮಗುವಿಗೆ ಹೇಳುವ ಹಾಗೆ, "ಬೇಜಾರು ನನಗೂ ಉಂಟು. ಆದ್ರೆ ಇಳಿಯೂಕೆ ಒಂದು ಕಾಲು ಇಡುವಷ್ಟು ಸಾಕು ತಂಗಿ. ಇಳಿದ ಮೇಲೆ ನೀರು ಎಲ್ಲ ಒಂದೇ" ಎಂದರು.

ಮುಂದಿನ ಚಳಿಗಾಲದಲ್ಲಿ ಅವರಿಗೆ ಹೊಟ್ಟೆನೋವು ಶುರುವಾಯಿತು. ಏನಿರಬಹುದೆಂದು ಡಾಕ್ಟರಿಗಿಂತ ಮೊದಲು ಅವರಿಗೇ ಗೊತ್ತಾಗಿತ್ತು ಎಂದು ಕಾಣುತ್ತದೆ. ಯಾರಿಗೂ ಹೇಳದೆ ಮನೆಯ ಕಪಾಟುಗಳನ್ನು ಓರಣ ಮಾಡತೊಡಗಿದ್ದರು. ಮಗಳನ್ನು ಕರೆಸಿದ್ದು ಕೊನೆಗೆ. ಒಬ್ಬಳೇ ಮಗಳು, ಇಲ್ಲೇ ಹುಟ್ಟಿದವಳು. ತಂದೆ ಅವಳು ಚಿಕ್ಕವಳಿರುವಾಗಲೇ ತೀರಿಕೊಂಡಿದ್ದರು. ಡಬ್ಲಿನ್ನಿನ ಸ್ಯಾಂಡಿಫರ್ಡ್‌ನಲ್ಲಿ ಕೆಲಸ, ರಜೆ ಹಾಕಿ ಬಂದು ತಾಯಿಯ ಹಾಸಿಗೆಯ ಪಕ್ಕದಲ್ಲೇ ಉಳಿದಳು. ತಾಯಿ ಕನ್ನಡದಲ್ಲಿ ಕೇಳಿದರೆ ಮಗಳು ಕಾರ್ಕ್‌ನ ರಾಗದ ಇಂಗ್ಲಿಷಿನಲ್ಲಿ ಉತ್ತರಿಸುವುದು ಆ ಮನೆಯ ರೂಢಿ. ಅಡುಗೆಮನೆಯ ಕನ್ನಡ ಅವಳಿಗೆ ಅರ್ಥವಾಗುತ್ತಿತ್ತು. ಬಾ, ತಿನ್ನು, ಮಲಗು, ಕೋಟು ಹಾಕ್ಕೋ. ಅದಕ್ಕಿಂತ ಆಚೆಯದು ಗೊತ್ತಿರಲಿಲ್ಲ.

ಕೊನೆಯ ವಾರಗಳಲ್ಲಿ ನೋವಿನ ಔಷಧಿಯ ಮಂಪರಿನಲ್ಲಿ ಅಕ್ಕನ ಇಂಗ್ಲಿಷು ನಿಧಾನವಾಗಿ ಕರಗಿಹೋಯಿತು. ಇಪ್ಪತ್ತು ವರ್ಷ ಯಾವ ಭಾಷೆಯಲ್ಲಿ ಜನರನ್ನು ಸಂತೈಸಿದ್ದರೋ ಆ ಭಾಷೆಯಲ್ಲಿ ನೀರು ಬೇಕೆಂದು ಕೇಳಲೂ ಆಗದೆ ಹೋಯಿತು. ಉಳಿದದ್ದು ಹುಟ್ಟೂರಿನ ಮಾತು ಮಾತ್ರ. ನಾನು ದಿನವೂ ಆಫೀಸು ಮುಗಿಸಿ ರೈಲಿನಲ್ಲಿ ಹೋಗಿ, ತಾಯಿ ಮಗಳ ನಡುವೆ ಕೂರುತ್ತಿದ್ದೆ.

"ಏನು ಹೇಳುತ್ತಿದ್ದಾಳೆ ಅಮ್ಮ?" ಎಂದು ಮಗಳು ಇಂಗ್ಲಿಷಿನಲ್ಲಿ ಕೇಳುವಳು.

"ಬಲೆ ಒಣಗಿದೆಯಾ ಅಂತ ಕೇಳುತ್ತಿದ್ದಾರೆ. ಮಳೆ ಬರುವ ಹಾಗಿದೆ, ಒಳಗೆ ತೆಗೆದುಕೋ ಅಂತ."

"ಒಣಗಿದೆ, ಒಳಗೆ ತಂದೆ ಅಂತ ಹೇಳಿ."

ನಾನು ಹೇಳುತ್ತಿದ್ದೆ. ಅಕ್ಕನ ಹಣೆಯ ಗೆರೆಗಳು ಸಡಿಲವಾಗುತ್ತಿದ್ದವು. ಹೀಗೆ ಆ ಹುಡುಗಿ ತಾನು ಯಾವತ್ತೂ ಕಾಣದ ಮನೆಯಲ್ಲಿ ಬಲೆ ಒಳಗೆ ತಂದಳು, ಕೋಳಿ ಮುಚ್ಚಿದಳು, ಅಜ್ಜನಿಗೆ ಊಟ ಬಡಿಸಿದಳು. ಕಿಟಕಿಯಿಂದ ಕೊಲ್ಲಿ ಕಾಣುತ್ತಿತ್ತು. ಹಡಗುಗಳು ಗಾಜಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸದ್ದಿಲ್ಲದೆ ದಾಟುತ್ತಿದ್ದವು. ಅಕ್ಕ ಅವುಗಳನ್ನು ನೋಡುತ್ತಿದ್ದರು. ಅವು ಯಾವ ದೇಶದವು, ಯಾವ ದಡದವು ಎಂದು ಅವರಿಗೆ ಯಾವ ಗೊಂದಲವೂ ಇದ್ದಂತಿರಲಿಲ್ಲ.

ತೀರಿಕೊಂಡ ದಿನ ನಾನು ತಲುಪುವುದು ತಡವಾಯಿತು. ಮಗಳು ಒಬ್ಬಳೇ ಇದ್ದಳು. ಶಾಂತವಾಗಿ ಹೋದರು ಎಂದಳು. ಸಂಸ್ಕಾರಕ್ಕೆ ಆಸ್ಪತ್ರೆಯ ಹಳೆಯ ಗೆಳತಿಯರು ಬಂದರು, ಈಜುವ ಹೆಂಗಸರು ಬಂದರು, ಬರುವುದನ್ನು ಬಿಟ್ಟವರೂ ಬಂದರು. ಆ ಅಧಿಕಾರಿ ಸಾದಾ ಕೋಟಿನಲ್ಲಿ ಬಂದು ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ನಿಂತಿದ್ದರು.

ಮಗಳನ್ನು ನಾನು ಕೆಲವು ದಿನ ಡಗ್ಲಸ್‌ಗೆ, ನಮ್ಮ ಮನೆಗೆ ಕರೆದುಕೊಂಡು ಬಂದೆ. ಒಂದು ಸಂಜೆ ಅಡುಗೆಮನೆಯಲ್ಲಿ ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ, ಬಹಳ ಹೊತ್ತಿನಿಂದ ಏನೋ ಕೇಳಬೇಕೆಂದು ಕಾದಿದ್ದವಳಂತೆ ಬಾಗಿಲಿಗೆ ಒರಗಿ ನಿಂತು ಕೇಳಿದಳು. ಕೊನೆಗೆ ಅಮ್ಮ ತನ್ನ ಕೈ ಹಿಡಿದು ಒಂದೇ ಮಾತು ಹೇಳಿದಳು, ಎರಡು ಸಲ ಹೇಳಿದಳು. ತನಗೆ ಆ ಪದ ಗೊತ್ತು, ಆದರೆ ಅರ್ಥವಾಗಲಿಲ್ಲ.

"ಯಾವ ಪದ?"

"ಬರ್ತೆ" ಎಂದಳು, ತಾಯಿಯ ಉಚ್ಚಾರವನ್ನು ಜೋಪಾನವಾಗಿ ಎತ್ತಿ ಇಡುವ ಹಾಗೆ. ಮುಂದಿನದನ್ನು ಇಂಗ್ಲಿಷಿನಲ್ಲಿ ಹೇಳಿದಳು. "ಬರುತ್ತೇನೆ ಅಂತ ತಾನೇ? ಎಲ್ಲಿಗೆ ಬರುತ್ತಾಳೆ? ಅವಳು ಹೋಗುತ್ತಾ ಇದ್ದಳಲ್ಲ. ನನ್ನನ್ನು ಯಾರೋ ಅಂದುಕೊಂಡಳಾ? ನಾನು ಅವಳ ಮಗಳು ಅಂತ ಗೊತ್ತಿತ್ತಾ ಇಲ್ಲವಾ?"

ನಾನು ಒಲೆ ಆರಿಸಿದೆ. ನಮ್ಮಲ್ಲಿ ಮನೆಯಿಂದ ಹೊರಡುವಾಗ ಯಾರೂ ಹೋಗುತ್ತೇನೆ ಎನ್ನುವುದಿಲ್ಲ, ಬರುತ್ತೇನೆ ಎಂದೇ ಹೇಳುವುದು ಎಂದೆ. ಅಂಗಡಿಗೆ ಹೋದರೂ, ದೂರದ ದೇಶಕ್ಕೆ ಹೋದರೂ ಹಾಗೇ. ಅದನ್ನು ಹಾದಿಹೋಕರಿಗೆ ಹೇಳುವುದಿಲ್ಲ, ಹಿಂದೆ ಉಳಿಯುವ ಮನೆಯವರಿಗೆ ಹೇಳುವುದು. ನೀನು ಯಾರೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಸಂಸ್ಕಾರದ ದಿನವೂ ಅಳದಿದ್ದವಳು ಆಗ ಅತ್ತಳು. ನಾನೂ ಅವಳ ಪಕ್ಕದಲ್ಲಿ ಕೂತೆ.

ಅಕ್ಕನ ಋಣ ನನ್ನ ಮೇಲೆ ದೊಡ್ಡದು. ಅಷ್ಟು ತಣ್ಣಗಿನ ನೀರಿನ ಮೇಲೆ ಅಂಜದೆ ಮಲಗುವುದನ್ನು ಅವರು ಕಲಿಸಿದರು. ಎಲ್ಲಿಯೇ ನಕ್ಷೆ ಬರೆಯಲು ಹೋಗಲಿ, ಅಲ್ಲಿ ಯಾರು ಕೂರುತ್ತಾರೆ ಎಂದು ಮೊದಲು ನೋಡುವ ಅಭ್ಯಾಸ ನನಗೆ ಬಂದದ್ದು ಅವರಿಂದ. ಆದರೆ ಅವರು ಹೋದ ಮೇಲೆ ನನಗೆ ದೊರೆತದ್ದು ಅದಕ್ಕಿಂತ ಹೆಚ್ಚು. ಅದರ ಮುಂದಿನ ಭಾನುವಾರ ಡಬ್ಲಿನ್ ರೈಲಿಗೆ ಮಗಳನ್ನು ಬಿಡಲು ಹೋಗಿದ್ದೆ. ಬಾಗಿಲು ಮುಚ್ಚುವ ಸದ್ದು ಶುರುವಾದಾಗ ಅವಳು ಹೆಗಲಿನ ಚೀಲ ಸರಿಮಾಡಿಕೊಂಡು, ಕಾರ್ಕ್‌ನ ರಾಗದಲ್ಲೇ, ಸ್ವಲ್ಪ ನಾಚಿಕೆಯಿಂದ ಹೇಳಿದಳು:

"ಬರ್ತೆ ಅಕ್ಕ."

"ಹ್ಞೂಂ" ಎಂದೆ. "ಬಾ."